ಯುರೇನಿಯಂ ಕೊರೆದ ದಾರಿಯಲ್ಲಿ ಸೈಕಲ್ ಸವಾರಿ

ಅಮೆರಿಕದಲ್ಲಿರೋ ನಿಮ್ಮ ಗೆಳೆಯರು ಯಾರಾದ್ರೂ ಯೂಟಾ ಕಡೆ ರೋಡ್ ಟ್ರಿಪ್ ಹೋಗಿದ್ದರೆ, ಅವರ ಫೋಟೋಗಳಲ್ಲಿ ಈ ದಾರಿಯನ್ನ ನೋಡಿರ್ತೀರಿ. ಕಡಿದಾದ ಕೆಂಪು ಬಂಡೆಯ ಗೋಡೆ, ಅದರ ಮೈಮೇಲೆ ಹಾವಿನ ಹಾಗೆ ಸುತ್ತಿ ಸುತ್ತಿ ಇಳಿಯುವ ಮಣ್ಣಿನ ರಸ್ತೆ, ಒಂದು ಪಕ್ಕ ಪ್ರಪಾತ. ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಒಳಗಿರುವ ಇದರ ಹೆಸರು ಶೇಫರ್ ಟ್ರೇಲ್. ನೋಡಿದವರು 'ಮನುಷ್ಯರ ಕೈ ಸೋಕದ ಜಾಗ' ಅಂತ ಉಸಿರು ಬಿಡ್ತಾರೆ. ಆದರೆ ಸುತ್ತ ಒಂದು ಹಳ್ಳಿಯೂ ಇಲ್ಲದ ಕಡೆ, ಇಂಥ ಗೋಡೆಯ ಮೇಲೆ, ಲಾರಿ ಇಳಿಯುವಷ್ಟು ಅಗಲದ ರಸ್ತೆ ಮಾಡಿದವರು ಯಾರು? ಯಾತಕ್ಕೆ?

ಉತ್ತರ ಪಕ್ಕದ ಮೋಆಬ್ ಅನ್ನೋ ಪುಟ್ಟ ಊರಲ್ಲಿದೆ. ಕೊಲರಾಡೋ ನದಿಯ ದಂಡೆ, ಸುತ್ತಲೂ ಮರುಭೂಮಿ, ಪೂರ್ವಕ್ಕೆ ಹಿಮ ಹೊತ್ತ ಲಾ ಸಾಲ್ ಬೆಟ್ಟಗಳು. 1870ರ ದಶಕದ ಕೊನೆಗೆ ಬಿಳಿಯರು ಬಂದು ನೆಲೆ ನಿಂತಾಗ ಹಣ್ಣಿನ ತೋಟ, ದನ ಮೇಯಿಸೋದು ಇಷ್ಟೇ ಬದುಕು. ಶೇಫರ್ ದಾರಿಯೂ ಆಗ ದನಗಳನ್ನ ಹೊಡ್ಕೊಂಡು ಹೋಗುವ ಕಾಲುದಾರಿಯಾಗಿತ್ತು.

ಈ ಊರಿನ ಚೆಲುವನ್ನ ಹೊರಗಿನವರಿಗೆ ಸಾರಿದವನೂ ಗಣಿಯವನೇ ಅನ್ನೋದು ತಮಾಷೆ. ಅದಿರು ಹುಡುಕುತ್ತಾ ಅಲೆಯುತ್ತಿದ್ದ ಅಲೆಕ್ಸಾಂಡರ್ ರಿಂಗ್‌ಹಾಫರ್ 1923ರಲ್ಲಿ ರೈಲ್ವೆ ಕಂಪನಿಯವರಿಗೆ ಪತ್ರ ಬರೆದು, ಇಲ್ಲಿನ ಬಂಡೆಗಳನ್ನ ನೋಡೋಕೆ ಪ್ರವಾಸಿಗರು ಬರ್ತಾರೆ ಅಂದ. ಅಲ್ಲಿಂದ ಶುರುವಾದ ಓಡಾಟದ ಫಲವಾಗಿ 1929ರಲ್ಲಿ ಆರ್ಚಸ್ ರಾಷ್ಟ್ರೀಯ ಸ್ಮಾರಕ ಘೋಷಣೆಯಾಯ್ತು. ಆದರೂ ಊರು ಊರಿನ ಪಾಡಿಗೇ ಇತ್ತು.

ಎರಡನೇ ಮಹಾಯುದ್ಧ ಮುಗಿದು ಅಣುಬಾಂಬಿನ ಪೈಪೋಟಿ ಶುರುವಾದಾಗ ಎಲ್ಲ ಬದಲಾಯ್ತು. ಬಾಂಬಿಗೆ ಯುರೇನಿಯಂ ಬೇಕು. ಅಮೆರಿಕದ ಅಣುಶಕ್ತಿ ಆಯೋಗ ಅದಿರಿಗೆ ಖಾತ್ರಿ ಬೆಲೆ ಕಟ್ಟಿತು, ಹೊಸ ನಿಕ್ಷೇಪ ಹುಡುಕಿದವರಿಗೆ ಬೋನಸ್ ಕೊಟ್ಟಿತು. ಜನ ಜೀಪು ಹತ್ತಿ ಮರುಭೂಮಿಗೆ ನುಗ್ಗಿದರು.

ಅವರಲ್ಲಿ ಚಾರ್ಲಿ ಸ್ಟೀನ್ ಕೂಡ ಒಬ್ಬ. ಟೆಕ್ಸಸ್‌ನ ಭೂವಿಜ್ಞಾನಿ, ಕೈಯಲ್ಲಿ ಕೆಲಸ ಇಲ್ಲ, ಹೆಂಡತಿ ಮತ್ತು ನಾಲ್ವರು ಗಂಡುಮಕ್ಕಳ ಸಂಸಾರ, ಗೈಗರ್ ಕೌಂಟರ್ ಕೊಳ್ಳೋಕೂ ದುಡ್ಡಿಲ್ಲ. 1952ರ ಜುಲೈನಲ್ಲಿ ಅವನ ಹಳೇ ಡ್ರಿಲ್ ನೆಲದೊಳಗೇ ಮುರಿದುಹೋಯ್ತು. ಅಷ್ಟರಲ್ಲಿ ಮೇಲೆ ಬಂದಿದ್ದ ಕಪ್ಪು ಕಲ್ಲಿನ ತುಂಡನ್ನ ಸಿಸ್ಕೋ ಅನ್ನೋ ಹಳ್ಳಿಯ ಪೆಟ್ರೋಲ್ ಬಂಕಿನಲ್ಲಿ ಬೇರೆಯವರ ಕೌಂಟರಿಗೆ ಹಿಡಿದ್ರೆ, ಮುಳ್ಳು ತುದಿಗೇ ಹೋಗಿ ನಿಂತಿತು! ಆ ಗಣಿಗೆ 'ಮಿ ವಿದಾ' ಅಂತ ಹೆಸರಿಟ್ಟ. ಸ್ಪ್ಯಾನಿಷ್‌ನಲ್ಲಿ 'ನನ್ನ ಬದುಕು' ಅಂತ ಅರ್ಥ. ಸ್ಟೀನ್ ಕೋಟ್ಯಧೀಶನಾಗಿ ಗುಡ್ಡದ ಮೇಲೆ ಬಂಗಲೆ ಕಟ್ಟಿದ. 1950ರಲ್ಲಿ 1,300ರ ಆಸುಪಾಸು ಇದ್ದ ಊರಿನ ಜನಸಂಖ್ಯೆ 1960ಕ್ಕೆ 4,600 ದಾಟಿತು.

ಆ ಹತ್ತು ವರ್ಷದಲ್ಲೇ ರಸ್ತೆಗಳೂ ಆದವು. ಆಗ್ನೇಯ ಯೂಟಾದಲ್ಲಿ ಅದಿರಿನ ಆಸೆಗೆ ಕೊರೆದ ದಾರಿ ಹೆಚ್ಚುಕಮ್ಮಿ 1,600 ಕಿಲೋಮೀಟರ್. ಶೇಫರ್ ದಾರಿ ಲಾರಿಗಾಗಿ ಅಗಲವಾಯ್ತು. ಇವತ್ತು ಸೈಕಲ್ ಸವಾರರು ಮೂರು ನಾಲ್ಕು ದಿನ ತಗೊಂಡು ಮುಗಿಸುವ 160 ಕಿಲೋಮೀಟರಿನ ವೈಟ್ ರಿಮ್ ದಾರಿಯೂ ಆಗಿನದ್ದೇ. ವಿಚಿತ್ರ ಏನು ಗೊತ್ತಾ? ಈಗ ಕ್ಯಾನಿಯನ್‌ಲ್ಯಾಂಡ್ಸ್ ಇರುವ ಆ ಜಾಗದಲ್ಲಿ ಯುರೇನಿಯಂ ಸಿಕ್ಕಿದ್ದು ತೀರಾ ಕಡಿಮೆ. ದಾರಿ ಮಾತ್ರ ಉಳೀತು.

1970ಕ್ಕೆ ಸರ್ಕಾರದ ಖರೀದಿ ನಿಂತಿತು. ಅದಕ್ಕೂ ಮೊದಲೇ, 1968ರಲ್ಲಿ, ಸ್ಟೀನ್ ದಿವಾಳಿಯಾಗಿದ್ದ. ಬಂಗಲೆ ಮುಂದೆ ಊಟದ ಹೋಟೆಲ್ ಆಯ್ತು. 1984ರಲ್ಲಿ ಅದಿರಿನ ಕಾರ್ಖಾನೆಯೂ ಮುಚ್ಚಿತು. ಕೆಲಸ ಹೋದವರು ಊರು ಬಿಟ್ಟರು.

ಕೈ ಹಿಡಿದದ್ದು ಸೈಕಲ್ಲು. ಊರ ಪಕ್ಕದ ಮರಳುಗಲ್ಲಿನ ಬಂಡೆಗೆ ಸ್ಲಿಕ್‌ರಾಕ್, ಅಂದರೆ ಜಾರುಬಂಡೆ, ಅನ್ನೋ ಹೆಸರು. ಕುದುರೆಯ ಲಾಳ ಅದರ ಮೇಲೆ ಜಾರುತ್ತಿತ್ತಂತೆ. ರಬ್ಬರ್ ಟಯರು ಮಾತ್ರ ಗಟ್ಟಿಯಾಗಿ ಕಚ್ಕೊಳ್ಳುತ್ತೆ. 1969ರಲ್ಲಿ ಮೋಟಾರ್‌ಸೈಕಲ್ಲಿಗೆ ಅಂತ ಅದರ ಮೇಲೆ ಗುರುತು ಹಾಕಿದ್ದ ಹಾದಿಗೆ 80ರ ದಶಕದಲ್ಲಿ ಮೌಂಟನ್ ಬೈಕಿನವರು ಬಂದರು. 1983ರಲ್ಲಿ ಗ್ರಾಫ್ ಸಹೋದರರು ಸೈಕಲ್ ಅಂಗಡಿ ತೆರೆದರು. ಗಣಿ ಬಿದ್ದ ಊರು ಪ್ರವಾಸಿಗರ ಊರಾಗಿ ಎದ್ದಿತು.

ಕಥೆಯನ್ನ ಇಲ್ಲಿಗೇ ನಿಲ್ಲಿಸಿದ್ರೆ ಚೆನ್ನಾಗಿರುತ್ತೆ. ಆದರೆ ಕೊಲರಾಡೋ ನದಿಯ ಪಕ್ಕದಲ್ಲೇ ಕಾರ್ಖಾನೆ ಬಿಟ್ಟುಹೋದ ವಿಕಿರಣಶೀಲ ಕಸದ ಗುಡ್ಡ ಇತ್ತು, 1.6 ಕೋಟಿ ಟನ್. ಅದನ್ನ ರೈಲಿಗೆ ತುಂಬಿ ಸುಮಾರು 50 ಕಿಲೋಮೀಟರ್ ಆಚೆ ಹೂಳೋಕೆ ಶುರು ಮಾಡಿದ್ದು 2009ರಲ್ಲಿ, ಅಂದರೆ ಕಾರ್ಖಾನೆ ಮುಚ್ಚಿ 25 ವರ್ಷ ಆದಮೇಲೆ.

ಕಸವನ್ನಾದರೂ ಸಾಗಿಸಬಹುದು. ಮೋಆಬಿನ ಸುತ್ತಲ ಆ ವಿಶಾಲ ಪ್ರಸ್ಥಭೂಮಿಯ ಗಣಿಗಳಲ್ಲಿ ದುಡಿದವರಲ್ಲಿ ನವಾಹೋ ಬುಡಕಟ್ಟಿನವರು ಬಹಳ ಇದ್ದರು. ಒಳಗೆ ಸರಿಯಾಗಿ ಗಾಳಿ ಆಡುತ್ತಿರಲಿಲ್ಲ. ರೇಡಾನ್ ಅನಿಲ ಕುಡಿದ ಎಷ್ಟೋ ಜನ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತರು. ಅಮೆರಿಕದ ಸಂಸತ್ತು ಕ್ಷಮೆ ಕೇಳಿ ಪರಿಹಾರದ ಕಾನೂನು ಮಾಡಿದ್ದು 1990ರಲ್ಲಿ. ಅಷ್ಟು ಹೊತ್ತಿಗೆ ಅನೇಕ ಮನೆಗಳಲ್ಲಿ ಪರಿಹಾರ ತಗೊಳ್ಳೋಕೆ ಉಳಿದಿದ್ದವರು ವಿಧವೆಯರು, ಮಕ್ಕಳು.

ಈಗ ಸುಮಾರು 5,300 ಜನರ ಊರು ಮೋಆಬ್. ಪಕ್ಕದ ಆರ್ಚಸ್‌ಗೆ 2021ರಲ್ಲಿ ಬಂದವರು 18 ಲಕ್ಷ. ಮರುವರ್ಷ ಒಳಗೆ ಹೋಗೋಕೆ ಮೊದಲೇ ಸಮಯ ಕಾಯ್ದಿರಿಸುವ ಪದ್ಧತಿ ತಂದರು. ಮನೆಗಳ ಬೆಲೆ ಏರಿ, ಪ್ರವಾಸಿಗರಿಗೆ ಊಟ ಬಡಿಸುವವರಿಗೆ, ಹಾಸಿಗೆ ಹಾಸುವವರಿಗೆ ಊರಲ್ಲೇ ಬಾಡಿಗೆಗೆ ಮನೆ ಸಿಗದೆ, ಕೆಲವರು ವ್ಯಾನಿನಲ್ಲೇ ಮಲಗ್ತಾರೆ. ಅವತ್ತು ಅದಿರಿನ ಬೆಲೆ ಈ ಊರಿನ ಹಣೆಬರಹ ಬರೆಯುತ್ತಿತ್ತು, ಇವತ್ತು ನಮ್ಮ ರಜೆಯ ಪಟ್ಟಿ ಬರೆಯುತ್ತೆ. ಎರಡೂ ಊರಿನವರ ಕೈಯಲ್ಲಿಲ್ಲ.

ಹೋಗಬೇಡಿ ಅಂತಲ್ಲ, ಖಂಡಿತ ಹೋಗಿ. ಶೇಫರ್ ದಾರಿಯ ತುದಿಯಲ್ಲಿ ನಿಂತು ಫೋಟೋನೂ ತೆಗೀರಿ. ಅದರ ಕೆಳಗೆ 'ಮನುಷ್ಯರ ಕೈ ಸೋಕದ ಜಾಗ' ಅಂತ ಮಾತ್ರ ಬರೀಬೇಡಿ.