ಬಿಳಿಜೋಳದ ಸೀಮೆಯಲ್ಲಿ ಹೊರಗಿನ ಊಟ

ಬೆಂಗಳೂರು, ಮೈಸೂರು ಕಡೆಯಿಂದ ಕಲಬುರಗಿ ಜಿಲ್ಲೆಯ ಯಡ್ರಾಮಿಯಂಥ ಊರಿಗೆ ವರ್ಗವಾಗಿ ಬಂದವರು ‘ಇಲ್ಲೊಂದು ಒಳ್ಳೆಯ ಹೋಟೆಲಿಲ್ಲ’ ಎನ್ನುವುದು ವಾಡಿಕೆ. ದೂರಿನಲ್ಲಿ ಸುಳ್ಳೇನೂ ಇಲ್ಲ. 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಯಡ್ರಾಮಿಯೂ ಒಂದು. ಅಲ್ಲಿಯತನಕ ಅದು ಜೇವರ್ಗಿ ತಾಲ್ಲೂಕಿಗೆ ಸೇರಿದ ಊರು. ಕಲಬುರಗಿಯಿಂದ ಜೇವರ್ಗಿ, ಸಿಂದಗಿ ಮಾರ್ಗವಾಗಿ ವಿಜಯಪುರಕ್ಕೆ ಹೋಗುವ ಹೆದ್ದಾರಿಯ ದಾಬಾಗಳು ಈ ಊರನ್ನು ಮುಟ್ಟುವುದಿಲ್ಲ. ಬಸ್ ನಿಲ್ದಾಣದ ಸುತ್ತ ಚಹಾದಂಗಡಿ, ಮಿರ್ಚಿ ಭಜಿ, ಸುಸಲಾ ಸಿಗುವುದನ್ನೇ ಇಲ್ಲಿನವರು ಹೋಟೆಲ್ ಎನ್ನುತ್ತಾರೆ. ಊಟಕ್ಕೆ ಅಲ್ಲಿಗೆ ಯಾರೂ ಹೋಗುವುದಿಲ್ಲ, ಊಟವೆಂದರೆ ಖಾನಾವಳಿ. ಹೋಟೆಲನ್ನು ಅರಸಿ ಬಂದವನ ಕಣ್ಣಿಗೆ ಖಾನಾವಳಿ ಕಾಣದಿರುವುದಕ್ಕೆ ಕಾರಣವುಂಟು. ಈ ಸೀಮೆಯಲ್ಲಿ ಹೊರಗಿನವನಿಗೆ ದುಡ್ಡಿಗೆ ಊಟ ಹಾಕುವ ಪದ್ಧತಿ ಪೇಟೆಯ ಅಂಗಡಿಯಿಂದ ಹುಟ್ಟಲಿಲ್ಲ; ಮನೆಯ ಅಡುಗೆಮನೆ ನಿಧಾನವಾಗಿ ಬೀದಿಗೆ ತೆರೆದುಕೊಂಡು ಹುಟ್ಟಿತು. ಹಾಗಾಗಲು ಜಾತಿ, ಧರ್ಮ, ಸರ್ಕಾರ ಎಷ್ಟು ಕಾರಣವೋ ಬಿಳಿಜೋಳದ ಹಿಟ್ಟಿನ ಸ್ವಭಾವವೂ ಅಷ್ಟೇ ಕಾರಣ ಎಂಬುದು ನನ್ನ ವಾದ.

ಅನ್ಯರಿಗೆ ಉಣಬಡಿಸುವುದು ಈ ನೆಲಕ್ಕೆ ಹೊಸದಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರವಿತ್ತು. 1058ರ ಅಲ್ಲಿನ ಶಾಸನ 200ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು, ಅವರ ಗುರುಗಳನ್ನು, 6 ಮಂದಿ ಸರಸ್ವತೀ ಭಂಡಾರಿಗರನ್ನು, ಎಂದರೆ ಗ್ರಂಥಪಾಲಕರನ್ನು, ಹೆಸರಿಸಿ ಅವರ ಜೀವನಕ್ಕೆ ದತ್ತಿ ಬಿಟ್ಟದ್ದನ್ನು ಹೇಳುತ್ತದೆ. ದತ್ತಿಯ ಅನ್ನವನ್ನು ಉಂಡವರು ಹಣ ಕೊಡಲಿಲ್ಲ. ಏಳು ಶತಮಾನ ದಾಟಿ ಬಂದರೆ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು (1746–1822) ಸಿಗುತ್ತಾರೆ. ಹೊಲದ ಬೆಳೆಯನ್ನು ಹಕ್ಕಿಗೂ ಹಸಿದವರಿಗೂ ಬಿಟ್ಟುಕೊಟ್ಟ ಒಕ್ಕಲಿಗನೆಂದು ಜನ ಅವರನ್ನು ನೆನೆಯುತ್ತಾರೆ. ಕಲಬುರಗಿಯಲ್ಲಿ ಅವರು ನೆಲೆನಿಂತ ಮೇಲೆ ನಡೆದ ದಾಸೋಹವೇ ಇಂದಿಗೂ ಅವರ ಹೆಸರಿನ ಗುರುತು. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ರೂಢಿ ಇನ್ನೂ ವಿಶೇಷ: ಮಧ್ಯಾಹ್ನದ ಹೊತ್ತಿಗೆ ದತ್ತಾತ್ರೇಯ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಿಂದ ಯಾತ್ರಿಕರು ಮಾಧುಕರಿ ಬೇಡಲು ಮನೆಮನೆಗೆ ಹೋಗುತ್ತಾರೆ, ತಾವೂ ಭಿಕ್ಷೆ ನೀಡುತ್ತಾರೆ. ಮಹಾರಾಷ್ಟ್ರದಿಂದ ಬಂದವರಿಗೆ ಅಲ್ಲಿ ಅರ್ಚಕರ ಮನೆಯೇ ವಸತಿ, ಅವರ ಅಡುಗೆಯೇ ಊಟ. ಹೊರಡುವಾಗ ಕೊಡುವ ದಕ್ಷಿಣೆಯಲ್ಲಿ ಪೂಜೆಯದೆಷ್ಟು, ಊಟದ್ದೆಷ್ಟು ಎಂದು ಯಾರೂ ಬಿಡಿಸಿ ನೋಡುವುದಿಲ್ಲ. ಈ ಬಿಡಿಸದ ಲೆಕ್ಕವೇ ಮುಂದೆ ಬಹಳ ಕೆಲಸಕ್ಕೆ ಬಂತು. ಅನ್ನವಿಕ್ರಯ ಪಾಪವೆಂದು ಧರ್ಮಶಾಸ್ತ್ರ ಹೇಳಿತ್ತು. ದಾಸೋಹದ ನೆಲದಲ್ಲಿ ತಾಟಿಗಿಷ್ಟು ಎಂದು ದರ ಹೇಳುವುದು ಮರ್ಯಾದೆಯ ಮನೆತನಕ್ಕೆ ನಾಚಿಕೆಯ ಮಾತಾಗಿತ್ತು. ಹಾಗಾಗಿ ಹಣ ಬಂದರೂ ಅದು ಊಟದ ಬೆಲೆಯಾಗಿ ಕಾಣದಂಥ ದಾರಿಯೊಂದು ಬೇಕಿತ್ತು.

ನಾಚಿಕೆಯೊಂದೇ ಅಡ್ಡಿಯಾಗಿದ್ದರೆ ಅದು ಬೇಗ ಕರಗುತ್ತಿತ್ತು, ಉಳಿದ ಕಡೆ ಕರಗಿಯೂ ಇತ್ತು. ಬೆಂಗಳೂರಿನಲ್ಲಿ ಮಾವಳ್ಳಿ ಟಿಫಿನ್ ರೂಮ್ಸ್ 1924ರಲ್ಲಿ ಶುರುವಾಯಿತು. ಮುಂಬೈಯ ಮಾಟುಂಗಾದಲ್ಲಿ ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು 1942ರಲ್ಲಿ ತೆರೆದರು. ಕರಾವಳಿಯ ಅಡುಗೆ ಇಷ್ಟು ದೂರ ಹರಡಿದ್ದಕ್ಕೆ ಉಡುಪಿಯವರ ಸಾಹಸ, ಮಠದ ಅಡುಗೆಯ ಹೆಸರು, ಶುಚಿತ್ವ ಎಂಬ ಕಾರಣಗಳನ್ನು ಎಲ್ಲರೂ ಕೊಡುತ್ತಾರೆ. ಅಕ್ಕಿ ಹಿಟ್ಟಿನ ಉಪಕಾರವನ್ನು ಯಾರೂ ಎಣಿಸುವುದಿಲ್ಲ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಿನ ಹೊತ್ತಿಗೆ ಹುದುಗಿರುತ್ತದೆ. ಒಂದೇ ಅಟ್ಟದಲ್ಲಿ ಹತ್ತಾರು ಇಡ್ಲಿ ಬೇಯುತ್ತವೆ. ಸಾಂಬಾರು ಹಂಡೆಯಲ್ಲಿ ಕಾಯುತ್ತಿರುತ್ತದೆ. ಗಿರಾಕಿ ಕೂತ ಎರಡು ನಿಮಿಷಕ್ಕೆ ತಿಂಡಿ ಮುಂದಿರುತ್ತದೆ. ಜೋಳದ ಹಿಟ್ಟು ಇದಕ್ಕೆ ಒಗ್ಗುವುದೇ ಇಲ್ಲ. ಅದರಲ್ಲಿ ಗೋಧಿಯ ಅಂಟಿಲ್ಲ. ಕುದಿಯುವ ನೀರು ಹೊಯ್ದು, ಬಿಸಿ ಇರುವಾಗಲೇ ನಾದಿ ಜಿಗಿ ತರಬೇಕು. ಬೀಸಿಟ್ಟು ಹಳತಾದ ಹಿಟ್ಟಿಗೆ ಜಿಗಿ ಹೋಗಿ ರೊಟ್ಟಿಯ ಅಂಚು ಸೀಳುತ್ತದೆ. ನಾದಿದ ಮುದ್ದೆಯನ್ನು ಮಧ್ಯಾಹ್ನಕ್ಕೆಂದು ಎತ್ತಿಡುವಂತಿಲ್ಲ. ಒಂದೊಂದು ರೊಟ್ಟಿಯನ್ನೂ ಅಂಗೈಯಲ್ಲಿ ಬಡಿದು ಅಗಲ ಮಾಡಿ, ಹಂಚಿಗೆ ಹಾಕಿ, ಮೇಲ್ಮೈಗೆ ನೀರು ಸವರಿ, ತಿರುವಿ, ಉಬ್ಬಿಸಿ ತೆಗೆಯಬೇಕು. ಬಿಸಿಯಾಗಿ ಉಂಡರೆ ಅದರ ಸೊಗಸೇ ಬೇರೆ. ಗಂಟೆ ಕಳೆದರೆ ಚರ್ಮವಾಗುತ್ತದೆ. ಇಲ್ಲವೇ ಪೂರ್ತಿ ಒಣಗಿಸಿ ಖಡಕ್ ಮಾಡಿದರೆ ವಾರಗಟ್ಟಲೆ ಕೆಡುವುದಿಲ್ಲ. ಈ ಎರಡರ ನಡುವಿನ ಸ್ಥಿತಿ ಯಾರಿಗೂ ಬೇಡ.

ಈ ಸ್ವಭಾವದಿಂದ ಎರಡು ಪರಿಣಾಮಗಳಾದವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಉಳ್ಳಾಗಡ್ಡಿ ಕಟ್ಟಿಕೊಂಡು ಹೊರಟವನು ದಾರಿಯಲ್ಲಿ ಯಾರ ಹಂಗಿಗೂ ಬೀಳಬೇಕಿಲ್ಲ. ಸಂತೆಗೆ ಹೋಗುವವನು, ಜಾತ್ರೆಗೆ ಹೋಗುವವನು, ಕಚೇರಿಗೆ ಅಲೆಯುವವನು ಎಲ್ಲರೂ ಬುತ್ತಿಯವರೇ. ಚಹಾ ಕುಡಿಯಲು ಅಂಗಡಿ ಹತ್ತುತ್ತಿದ್ದರೇ ಹೊರತು ಉಣ್ಣಲು ಹತ್ತುತ್ತಿರಲಿಲ್ಲ. ಗಿರಾಕಿಯಿಲ್ಲದ ಕಡೆ ಊಟದ ಅಂಗಡಿ ಹುಟ್ಟುವುದೆಲ್ಲಿ? ಎರಡನೆಯದು ಬಿಸಿರೊಟ್ಟಿಗೆ ಸಂಬಂಧಿಸಿದ್ದು. ರೊಟ್ಟಿ ಬಡಿಯುವ ಕೈ ಈ ಸೀಮೆಯಲ್ಲಿ ಹೆಣ್ಣಿನದು. ಪೇಟೆಯಲ್ಲಿ ಅಡುಗೆಯ ಕಸುಬು ಮಾಡುತ್ತಿದ್ದವರು ಗಂಡಸರು; ಅವರ ತರಬೇತಿಯಲ್ಲಿ ರೊಟ್ಟಿ ಇರಲಿಲ್ಲ. ಬಿಸಿರೊಟ್ಟಿಯನ್ನು ದುಡ್ಡಿಗೆ ಕೊಡಬೇಕಾದರೆ ಹೆಣ್ಣು ಪೇಟೆಗೆ ಬರಬೇಕು, ಇಲ್ಲವೇ ಗಿರಾಕಿಯೇ ಹೆಣ್ಣಿನ ಒಲೆಯ ಮುಂದೆ ಬಂದು ಕೂರಬೇಕು. ಆ ಕಾಲದಲ್ಲಿ ಮೊದಲನೆಯದು ಆಗುವ ಮಾತಲ್ಲ. ಎರಡನೆಯದೇ ಖಾನಾವಳಿ.

ಖಾನಾವಳಿ ನಮ್ಮದೇ ಅಲ್ಲ, ಮರಾಠಿ ಸೀಮೆಯಿಂದ ಬಂದ ಸರಕು ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಹೆಸರೂ ಮಾದರಿಯೂ ಆ ಕಡೆಯವು ಎಂಬುದು ಸರಿ. ಮುಂಬೈಯ ಗಿರಣಿಗಳಲ್ಲಿ ದುಡಿಯಲು ಹಳ್ಳಿಯಲ್ಲಿ ಸಂಸಾರ ಬಿಟ್ಟು ಬಂದ ಗಂಡಸರಿಗೆ ಚಾಳಿನ ಹೆಂಗಸರು ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದರು. 1975ರಲ್ಲಿ ಪ್ರೇಮಾ ಪುರವ ಅವರು ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ದು ಸಾಲದಲ್ಲಿ ಮುಳುಗಿದ್ದ ಇಂಥ ಖಾನಾವಳಿಯ ಹೆಂಗಸರಿಗಾಗಿಯೇ. ಆದರೆ ಹೊರಗಿನ ಮಾದರಿಯೊಂದು ಬೇರೂರಬೇಕಾದರೆ ನೆಲದಲ್ಲಿ ಅದರ ಅಗತ್ಯ ಇರಬೇಕು. ಮುಂಬೈಯಿಂದ ರಾಯಚೂರಿಗೆ ಹೋಗುವ ರೈಲುಮಾರ್ಗ 1870ರ ದಶಕದ ಆರಂಭದಲ್ಲಿ ಕಲಬುರಗಿಯನ್ನು ಹಾಯ್ದುಹೋಯಿತು; ಆ ಶತಮಾನದ ಕೊನೆಯ ಹೊತ್ತಿಗೆ ಊರಿನಲ್ಲಿ ಮೆಹಬೂಬ್ ಶಾಹಿ ಗಿರಣಿ ನಡೆಯುತ್ತಿತ್ತು; ನಿಜಾಮನ ಆಡಳಿತದ ಕಚೇರಿ, ಕೋರ್ಟು, ಶಾಲೆಗಳಿದ್ದವು. ಮನೆ ಬಿಟ್ಟು ಬಂದು ತಿಂಗಳುಗಟ್ಟಲೆ ಇರಬೇಕಾದ ಮನುಷ್ಯನಿಗೆ ಬುತ್ತಿ ಸಾಲದು. ಬಡ ಹುಡುಗರು ವಾರಾನ್ನ ಮಾಡಿಕೊಂಡು ಓದುತ್ತಿದ್ದರು. ಸಂಬಳ ಬರುವ ಗುಮಾಸ್ತ ಹಾಗೆ ಮಾಡಲಾರ. ಅವನು ತಿಂಗಳ ಮೊದಲಿಗೆ ಒಂದಿಷ್ಟು ಕೊಟ್ಟು ದಿನವೂ ಒಂದೇ ಮನೆಯಲ್ಲಿ ಉಂಡ. ಗಾಣಗಾಪುರದ ದಕ್ಷಿಣೆಯಲ್ಲಿ ಆದ ಹಾಗೆ ಇಲ್ಲಿಯೂ ತಾಟಿನ ಬೆಲೆ ಮಾತಿಗೆ ಬರಲಿಲ್ಲ, ಮನೆಯ ಖರ್ಚಿನಲ್ಲಿ ಪಾಲು ಹಾಕಿದಂತೆ ತೋರಿತು. ಗಂಡನಿಲ್ಲದ, ಹೊಲವಿಲ್ಲದ ಹೆಂಗಸಿಗೆ ಹೊಸಿಲು ದಾಟದೆ ಮಾಡಬಹುದಾದ ಗಳಿಕೆ ಇದಾಗಿತ್ತು. 1956ರಲ್ಲಿ ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಕಚೇರಿಗಳ ಭಾಷೆ, ನೌಕರರ ಊರು ಎಲ್ಲ ಬದಲಾದಾಗಲೂ ಈ ಏರ್ಪಾಡು ಕದಲಲಿಲ್ಲ. ಅನ್ನವೇ ಮುಖ್ಯವಾದ ದಕ್ಷಿಣದ ಮೇಷ್ಟರೂ ರೊಟ್ಟಿಯ ಪಂಕ್ತಿಗೆ ಬಂದು ಕೂತರು. ತಾಲ್ಲೂಕು ಕಚೇರಿ ಬಂದ ಮೇಲೆ ಯಡ್ರಾಮಿಯಲ್ಲಿ ನಡೆಯುತ್ತಿರುವುದೂ ಇದೇ ಕಥೆಯ ಚಿಕ್ಕ ಅಧ್ಯಾಯ.

ಕಲಬುರಗಿಯ ಹೊರಗಿನ ಊಟಕ್ಕೆ ಇನ್ನೊಂದು ಕವಲೂ ಇದೆ. 1422ರಲ್ಲಿ ತೀರಿಕೊಂಡ ಬಂದೇನವಾಜರ ದರ್ಗಾದ ಉರುಸು, ಅದರ ಸುತ್ತಣ ಪೇಟೆ, ತಹರಿ ಹಂಡೆಯ ಹೋಟೆಲುಗಳು ಮನೆಯೊಲೆಯಿಂದ ಹುಟ್ಟಿದವಲ್ಲ. ತಹರಿ ಅಕ್ಕಿಯ ಅಡುಗೆ, ಒಂದೇ ಪಾತ್ರೆಯಲ್ಲಿ ನೂರು ಜನಕ್ಕಾಗುತ್ತದೆ, ಗಂಡಸರು ಬೇಯಿಸುತ್ತಾರೆ. ನನ್ನ ವಾದಕ್ಕೆ ಇದು ವಿರೋಧವೆನಿಸಬಹುದು. ವಾಸ್ತವದಲ್ಲಿ ಇದು ಅದನ್ನು ಗಟ್ಟಿ ಮಾಡುತ್ತದೆ. ಅಕ್ಕಿ ಇದ್ದಲ್ಲಿ ಹೋಟೆಲು ಹುಟ್ಟಿತು, ಜೋಳ ಇದ್ದಲ್ಲಿ ಖಾನಾವಳಿ.

ಜಾತಿಯ ಪ್ರಶ್ನೆ ಇಷ್ಟು ಸುಲಭದ್ದಲ್ಲ. ಉತ್ತರ ಕರ್ನಾಟಕದ ಪೇಟೆಗಳಲ್ಲಿ ‘ಲಿಂಗಾಯತ ಖಾನಾವಳಿ’, ‘ಸಾವಜಿ ಖಾನಾವಳಿ’ ಎಂಬ ಬೋರ್ಡುಗಳು ಈಗಲೂ ಇವೆ. ಇದು ಸಸ್ಯಾಹಾರ, ಮಾಂಸಾಹಾರದ ಗುರುತು ಮಾತ್ರ ಎಂದು ಸಮಜಾಯಿಷಿ ಕೊಡುವವರಿದ್ದಾರೆ. ಗುರುತಿಗೆ ಅಷ್ಟೇ ಸಾಕಿದ್ದರೆ ಶಾಕಾಹಾರಿ ಎಂದು ಬರೆಸಬಹುದಿತ್ತು. ಯಾರ ಕೈಯ ಅಡುಗೆ ಎಂಬುದು ಉಣ್ಣುವವನಿಗೆ ಗೊತ್ತಾಗಬೇಕಿತ್ತು, ಅದಕ್ಕೇ ಬೋರ್ಡು. ಮನೆಯೇ ಅಂಗಡಿಯಾದಾಗ ಮನೆಯ ಮೈಲಿಗೆಯೂ ಅಂಗಡಿಗೆ ಬಂತು. ಯಾರು ಒಳಗೆ ಕೂರಬಹುದು, ಯಾರ ತಾಟನ್ನು ಯಾರು ತೊಳೆಯಬೇಕು ಎಂಬ ಕಟ್ಟುಗಳು ಖಾನಾವಳಿಯಲ್ಲಿ ಬಲವಾಗಿಯೇ ಇದ್ದವು. ಹಳ್ಳಿಯ ಚಹಾದಂಗಡಿಗಳಲ್ಲಿ ದಲಿತರಿಗೆ ಬೇರೆ ಬಟ್ಟಲು ಇಟ್ಟದ್ದಂತೂ ನಾಡಿಗೇ ಗೊತ್ತಿರುವ ಸಂಗತಿ. ಸಂವಿಧಾನದ 15ನೇ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳ ಪ್ರವೇಶವನ್ನು ಹೆಸರು ಹಿಡಿದು ಹೇಳಿದ್ದು, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅಲ್ಲಿ ತಡೆಯುವುದನ್ನು ಅಪರಾಧ ಮಾಡಿದ್ದು ಸುಮ್ಮನೆ ಅಲ್ಲ. ‘ಇದು ಮನೆ, ಹೋಟೆಲಲ್ಲ’ ಎಂಬ ನೆವ ಖಾನಾವಳಿಗೆ ಸದಾ ಕೈಗೆ ಎಟುಕುವಂತಿತ್ತು. ಈ ಕಾರಣಕ್ಕೆ ಉಡುಪಿ ಹೋಟೆಲೇ ವಾಸಿ, ಅದು ಹಣ ಕೊಟ್ಟ ಎಲ್ಲರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿತು ಎನ್ನುವವರ ಮಾತಿಗೆ ತೂಕವಿದೆ, ಆದರೆ ಪೂರ್ತಿ ತೂಕವಿಲ್ಲ. ಬ್ರಾಹ್ಮಣ ಅಡುಗೆ ಎಂಬುದೇ ಆ ಹೋಟೆಲುಗಳ ಬಂಡವಾಳವಾಗಿತ್ತು, ಅವುಗಳ ಅಡುಗೆಮನೆಯ ಬಾಗಿಲು ಬಹುಕಾಲ ಒಂದೇ ಜಾತಿಗೆ ತೆರೆದಿತ್ತು. ಖಾನಾವಳಿಯನ್ನು ದಾಸೋಹದ ನೇರ ವಾರಸುದಾರನೆಂದು ಕೊಂಡಾಡುವ ಬರಹಗಳು ಈಚೆಗೆ ಹೆಚ್ಚುತ್ತಿವೆ. ದಾಸೋಹದಿಂದ ಅದು ಪಡೆದದ್ದು ಹೊಟ್ಟೆ ತುಂಬ ಬಡಿಸುವ ಕೈಯನ್ನು. ಪಂಕ್ತಿಯ ಸಮಾನತೆಯನ್ನು ಅದು ಕಾಯ್ದೆ ಬಂದ ಮೇಲೆ, ಅದೂ ತಡವಾಗಿ, ಕಲಿಯಿತು.

ಹಾಗಿದ್ದರೂ ಖಾನಾವಳಿಯನ್ನೇ ಯಡ್ರಾಮಿಯ ಒಳ್ಳೆಯ ಊಟದ ಜಾಗವೆಂದು ಏಕೆ ಹೇಳಬೇಕು? ಆಯ್ಕೆಯಿಲ್ಲದ ಬಡ ಏರ್ಪಾಡನ್ನು ಪರಂಪರೆ ಎಂದು ಹೊಗಳಿದಂತಾಗುವುದಿಲ್ಲವೇ? ಮೆನು ಕಾರ್ಡಿಲ್ಲ, ರಾತ್ರಿ ಬೇಗ ಬಾಗಿಲು ಹಾಕುತ್ತಾರೆ, ಇವತ್ತು ಮಾಡಿದ್ದನ್ನೇ ಇವತ್ತು ಉಣ್ಣಬೇಕು. ನಿಜ. ಆದರೆ ತಾಟಿನ ಮೇಲಿರುವುದನ್ನು ನೋಡಿ ಮಾತಾಡಬೇಕು: ಎರಡು ಬಿಸಿರೊಟ್ಟಿ, ಒಂದು ಕಾಳುಪಲ್ಯ, ಪುಂಡಿಪಲ್ಯವೋ ಎಣ್ಣೆಗಾಯಿ ಬದನೆಯೋ ಒಂದು, ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಕಾಲಕ್ಕೆ ತಕ್ಕಂತೆ ಹಸಿ ಮೆಂತ್ಯವೋ ಹಕ್ಕರಿಕೆಯೋ, ಕೊನೆಗೆ ಅನ್ನ, ಬ್ಯಾಳಿ. ಆ ಬ್ಯಾಳಿ ಕಪ್ಪು ಮಣ್ಣಿನ ತೊಗರಿಯದು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಹತ್ತು ಮೈಲಿಯೊಳಗೆ ಬೆಳೆದದ್ದು ಇಷ್ಟು ನೇರವಾಗಿ ತಾಟಿಗೆ ಬರುವುದು ದೊಡ್ಡ ಊರಿನ ಯಾವ ಹೋಟೆಲಿಗೂ ಸುಲಭವಲ್ಲ. ಅದೇ ಬಸ್ ನಿಲ್ದಾಣದಲ್ಲಿ ಗೋಬಿ ಮಂಚೂರಿ, ಎಗ್ ರೈಸ್ ಗಾಡಿಗಳು ಬಂದಿರುವುದಕ್ಕೆ ಕೊರಗುವವರ ಜೊತೆ ನಾನಿಲ್ಲ. ಮನೆಯಲ್ಲಿ ದಿನವೂ ರೊಟ್ಟಿ ಉಣ್ಣುವ ಹುಡುಗ ಹೊರಗೆ ಬಂದಾಗ ಬೇರೆಯದನ್ನು ಬಯಸುವುದು ಸಹಜ. ಆ ಗಾಡಿಗಳು ಖಾನಾವಳಿಯ ಗಿರಾಕಿಯನ್ನು ಕಸಿದಿಲ್ಲ.

ಖಾನಾವಳಿಗೆ ಕುತ್ತು ಬರುವುದಾದರೆ ಹಿಟ್ಟಿನ ಕಡೆಯಿಂದಲೇ. ನಾರಾಯಣಪುರ ಎಡದಂಡೆಯ ನೀರು ಶಹಾಪುರ, ಸುರಪುರ ಸೀಮೆಗೆ ಭತ್ತ ತಂದಿತು, ಜೇವರ್ಗಿ ಶಾಖಾ ಕಾಲುವೆ ಈ ಕಡೆಗೂ ಬಂತು. ಒಣಹೊಲದಲ್ಲಿ ತೊಗರಿ, ಹತ್ತಿ ಹಿಂಗಾರಿ ಜೋಳದ ಜಾಗ ಹಿಡಿದವು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಬಡವರ ಮನೆಯ ರಾತ್ರಿಯೂಟಕ್ಕೆ ಅನ್ನ ಸೇರಿತು. ಹೊಲದಿಂದ ದಣಿದು ಬಂದ ಹೆಂಗಸಿಗೆ ಅದು ರೊಟ್ಟಿ ಬಡಿಯುವ ದುಡಿಮೆಯಿಂದ ಬಿಡುವು ಕೊಟ್ಟಿತು ಎಂಬುದನ್ನು ಮರೆತು ಜೋಳದ ಪರ ಭಾಷಣ ಮಾಡುವುದು ಸಲ್ಲದು. ಈಗ ಅನೇಕ ಖಾನಾವಳಿಗಳು ಸ್ವಂತ ಒಲೆಯಲ್ಲಿ ರೊಟ್ಟಿ ಮಾಡುವುದನ್ನೇ ಬಿಟ್ಟು, ಮನೆಗಳಲ್ಲಿ ಮಾಡುವ ಹೆಂಗಸರಿಂದ ಎಣಿಕೆಯ ಮೇಲೆ ಕೊಳ್ಳುತ್ತವೆ. ಒಂದು ರೀತಿಯಲ್ಲಿ ಕಸುಬು ಶುರುವಾದ ಜಾಗಕ್ಕೇ ಮರಳಿದೆ, ಆದರೆ ಅಂದು ತಿಂಗಳ ದುಡ್ಡು ಒಲೆಯ ಮುಂದಿದ್ದವಳ ಕೈಗೇ ಬರುತ್ತಿತ್ತು; ಇಂದು ಅವಳಿಗೆ ಸಿಗುವುದು ರೊಟ್ಟಿಯೊಂದಕ್ಕೆ ಇಷ್ಟು ಎಂಬ ಕೂಲಿ, ಲಾಭ ಬೋರ್ಡಿನ ಯಜಮಾನನಿಗೆ. ಈಚಿನ ವರ್ಷಗಳಲ್ಲಿ ಜಿಲ್ಲಾಡಳಿತ ಸ್ವಸಹಾಯ ಸಂಘಗಳನ್ನು ಸೇರಿಸಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಇಳಿದದ್ದು ಈ ಲೆಕ್ಕವನ್ನು ತುಸುವಾದರೂ ಬದಲಿಸಬಹುದು. ಪೊಟ್ಟಣ ಕಟ್ಟಿ ದೂರಕ್ಕೆ ಕಳಿಸಲು ಒಗ್ಗುವುದು ಖಡಕ್ ರೊಟ್ಟಿ ಮಾತ್ರ. ಬೆಂಗಳೂರಿನಲ್ಲಿ ಕೂತವನಿಗೆ ಅದು ಸಾಕು. ಬಿಸಿರೊಟ್ಟಿಗೆ ಯಾವ ಪೊಟ್ಟಣವೂ ಬಂದಿಲ್ಲ. ಅದನ್ನು ಉಣ್ಣಬೇಕೆನ್ನುವವನು ಮಧ್ಯಾಹ್ನದ ಹೊತ್ತಿಗೆ ಯಡ್ರಾಮಿಯಲ್ಲಿ ಇಳಿದು, ತಾಲ್ಲೂಕು ಕಚೇರಿಯ ಗುಮಾಸ್ತರು ಎಲ್ಲಿ ಉಣ್ಣುತ್ತಾರೆಂದು ಕೇಳಬೇಕು.