ಸಿಪಾಯಿಯ ಚಾಕು ಹಗುರಾದ ಕಥೆ

ಸ್ವಿಟ್ಜರ್ಲೆಂಡ್ ಸೇನೆಯ 1890ರ ಮಾದರಿಯ ಮಡಚುಚಾಕು 144 ಗ್ರಾಂ ತೂಗುತ್ತಿತ್ತು. 1908ರ ಮಾದರಿ ಬಂದಾಗ ತೂಕ 125 ಗ್ರಾಂಗೆ ಇಳಿಯಿತು. 1951ರಲ್ಲಿ 90, 1961ರಲ್ಲಿ 72. ಎಪ್ಪತ್ತೊಂದು ವರ್ಷಗಳಲ್ಲಿ ಸರಿಯಾಗಿ ಅರ್ಧ. ಜೇಬುಚಾಕು ಕೊಳ್ಳಲು ಹೋದವರು ಅದನ್ನು ಮೊದಲು ಅಂಗೈ ಮೇಲಿಟ್ಟು ತೂಗಿ ನೋಡುತ್ತಾರೆ. ಹಗುರವೆನಿಸಿದರೆ ಬಾಳಿಕೆ ಬರುತ್ತದೆಯೇ ಎಂದು ಅನುಮಾನಿಸುತ್ತಾರೆ. ಆ ಅನುಮಾನದಲ್ಲಿ ಹುರುಳಿದ್ದರೆ, ಒಂದು ಸೇನೆ ಮಾದರಿ ಬದಲಿಸಿದಾಗಲೆಲ್ಲ ತನ್ನ ಸಿಪಾಯಿಗಳಿಗೆ ಮೊದಲಿಗಿಂತ ಹಗುರಾದ ಚಾಕುವನ್ನೇ ಏಕೆ ಕೊಡುತ್ತ ಹೋಯಿತು?

ಸೇನೆಗೆ ಚಾಕು ಬೇಕಾದದ್ದು ಯುದ್ಧಕ್ಕಲ್ಲ. 1889ರಲ್ಲಿ ಬಂದ ಶ್ಮಿಟ್-ರೂಬಿನ್ ಬಂದೂಕನ್ನು ಬಿಚ್ಚಿ ಜೋಡಿಸಲು ಸ್ಕ್ರೂಡ್ರೈವರ್ ಬೇಕಿತ್ತು, ಡಬ್ಬಿಯಲ್ಲಿ ಬರುತ್ತಿದ್ದ ಆಹಾರಕ್ಕೆ ಡಬ್ಬಿ ಕೊಯ್ಯುವ ಕೊಕ್ಕೆ ಬೇಕಿತ್ತು. ಇವೆರಡರ ಜೊತೆಗೆ ಒಂದು ಅಲಗು, ಚರ್ಮಕ್ಕೆ ತೂತು ಹಾಕುವ ಒಂದು ಮೊನೆ. ಇಷ್ಟನ್ನು ಹತ್ತು ಸೆಂಟಿಮೀಟರ್ ಉದ್ದದ ಹಿಡಿಯೊಳಗೆ ಮಡಚಿಡಬೇಕು. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಮಾಡಿಕೊಡುವ ಕಾರ್ಖಾನೆ ಆಗ ಸ್ವಿಟ್ಜರ್ಲೆಂಡಿನಲ್ಲೇ ಇರಲಿಲ್ಲ. ಹಾಗಾಗಿ ಮೊದಲ ಹದಿನೈದು ಸಾವಿರ ಚಾಕುಗಳು 1891ರಲ್ಲಿ ಜರ್ಮನಿಯ ಜೋಲಿಂಗನ್ ಊರಿನ ವೆಸ್ಟರ್ ಕಂಪನಿಯಿಂದ ಬಂದವು.

ಇದು ಕಾರ್ಲ್ ಎಲ್ಸೆನರ್ ಎಂಬಾತನಿಗೆ ಸಹನೆಯಾಗಲಿಲ್ಲ. 1884ರಲ್ಲಿ ಶ್ವೀಟ್ಸ್ ಪ್ರಾಂತ್ಯದ ಈಬಾಖ್‌ನಲ್ಲಿ ಚಾಕು ತಯಾರಿಸುವ ಅಂಗಡಿ ಇಟ್ಟಿದ್ದ ಆತ ದೇಶದ ಇತರ ಕುಶಲಕರ್ಮಿಗಳನ್ನು ಒಟ್ಟುಗೂಡಿಸಿ, 1891ರಲ್ಲೇ ಸೇನೆಗೆ ಚಾಕು ಒದಗಿಸತೊಡಗಿದ. ಜರ್ಮನ್ ಕಾರ್ಖಾನೆಯ ಅಗ್ಗದ ಬೆಲೆಯೆದುರು ನಿಲ್ಲಲಾಗದೆ ದಿವಾಳಿಯ ಅಂಚಿಗೂ ಹೋದ. ಆತನ ತಾಯಿ ವಿಕ್ಟೋರಿಯಾ 1909ರಲ್ಲಿ ತೀರಿಕೊಂಡ ಮೇಲೆ ಆಕೆಯ ಹೆಸರನ್ನೇ ಸರಕಿಗಿಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕು ಬಳಕೆಗೆ ಬಂದಾಗ ಆ ಉಕ್ಕಿನ ಫ್ರೆಂಚ್ ಹೆಸರಿನ ತುಂಡು ‘ಇನಾಕ್ಸ್’ ಅದಕ್ಕೆ ಸೇರಿ ವಿಕ್ಟೋರಿನಾಕ್ಸ್ ಆಯಿತು.

ಮೊದಲ ಮಾದರಿಯಲ್ಲಿ ಕೈಕೊಟ್ಟದ್ದು ಯಾವುದು ಎಂದು ನೋಡಿದರೆ ತೂಕದ ನಂಬಿಕೆ ಅಲ್ಲೇ ಅಲುಗಾಡುತ್ತದೆ. 144 ಗ್ರಾಂ ತೂಗುತ್ತಿದ್ದ, ಇಪ್ಪತ್ತು ಮಿಲಿಮೀಟರ್‌ಗೂ ಹೆಚ್ಚು ದಪ್ಪವಿದ್ದ ಆ ಚಾಕುವಿನ ಹಿಡಿ ಓಕ್ ಮರದ್ದು. ಗಟ್ಟಿಯಾಗಲಿ, ನೀರು ಕುಡಿಯದಿರಲಿ ಎಂದು ಅದಕ್ಕೆ ಎಣ್ಣೆ ಉಣಿಸುತ್ತಿದ್ದರು. ಅದರಿಂದ ಮರ ಕಪ್ಪಾಗುತ್ತಿತ್ತು. ಆದರೂ ಬಿರುಕು ಬಿಡುವುದು, ಚೂರು ಏಳುವುದು ತಪ್ಪಲಿಲ್ಲ. 1901ರಲ್ಲಿ ಮರವನ್ನು ಕೈಬಿಟ್ಟು, ಕೆಂಗಂದು ಬಣ್ಣದ ಒತ್ತಿದ ಫೈಬರ್ ಹಾಕಿದರು. ಆ ಸಾಲಿನಲ್ಲೇ ಅತಿ ಭಾರದ ಚಾಕುವಿಗೆ ಸುಮಾರು ಹತ್ತು ವರ್ಷದಲ್ಲಿ ಹಿಡಿ ಬದಲಿಸಬೇಕಾಗಿ ಬಂತು.

ಭಾರವಿದ್ದರೆ ಗಟ್ಟಿ ಎಂಬ ಎಣಿಕೆ ಬಂದಿರುವುದು ಮಡಚದ ಕತ್ತಿಗಳಿಂದ ಇರಬೇಕು. ಕೊಡಗಿನ ಒಡಿಕತ್ತಿಯನ್ನಾಗಲಿ, ಮಲೆನಾಡಿನಲ್ಲಿ ಸೊಪ್ಪು ಕಡಿಯುವ ಕತ್ತಿಯನ್ನಾಗಲಿ ಬೀಸುವವರಿಗೆ ಭಾರವೇ ಅರ್ಧ ಕೆಲಸ ಮಾಡಿಕೊಡುತ್ತದೆ. ಜೇಬುಚಾಕು ಬೀಸುವಂಥದ್ದಲ್ಲ, ಎಳೆದು ಕೊಯ್ಯುವಂಥದ್ದು. ಅದರ ಅಲಗು ಹಿಡಿಯೊಂದಿಗೆ ಒಂದೇ ಲೋಹವಾಗಿ ಬೆಸೆದಿಲ್ಲ; ತೆಳುವಾದ ಒಂದು ಕಂಬಿಯ ಸುತ್ತ ತಿರುಗುತ್ತದೆ. ಬಳಸುವವರ ಕೈಯ ಬಲವೆಲ್ಲ ಕಡೆಗೆ ಬಂದು ಬೀಳುವುದು ಆ ಕೀಲಿನ ಮೇಲೆ. ಅಡಕತ್ತರಿಯ ಕೀಲು ಸಡಿಲವಾದರೆ ಹರಿತ ಎಷ್ಟಿದ್ದರೂ ಅಡಿಕೆ ಜಾರುತ್ತದಲ್ಲ, ಇಲ್ಲಿಯೂ ಹಾಗೆಯೇ.

ಹಳೆಯ ಸ್ವಿಸ್ ಚಾಕುಗಳಲ್ಲಿ ಅಲಗನ್ನು ಬಿಗಿಯುವ ಲಾಕ್ ಇರಲಿಲ್ಲ. ಹಿಡಿಯ ಬೆನ್ನಿನೊಳಗೆ ಕೂತ ಪಟ್ಟಿ ಸ್ಪ್ರಿಂಗ್ ಅಲಗಿನ ಬುಡವನ್ನು ಒತ್ತಿ ಹಿಡಿಯುತ್ತದೆ, ಅಷ್ಟೇ. 1897ರ ಜೂನ್ 12ರಂದು ಎಲ್ಸೆನರ್ ನೋಂದಾಯಿಸಿದ ‘ಅಧಿಕಾರಿಯ ಚಾಕು’ವಿನ ಜಾಣತನ ಇದ್ದದ್ದು ಈ ಪಟ್ಟಿಯಲ್ಲೇ. ಒಂದೇ ಸ್ಪ್ರಿಂಗ್ ಹಿಡಿಯ ಎರಡೂ ಅಂಚುಗಳ ಉಪಕರಣಗಳನ್ನು ಒತ್ತುವಂತೆ ಮಾಡಿ, ಎರಡು ಸ್ಪ್ರಿಂಗ್‌ಗಳಲ್ಲಿ ಆರು ಉಪಕರಣಗಳನ್ನು ಆತ ಹೊಂದಿಸಿದ. ಸೈನಿಕ ಚಾಕುವಿಗಿಂತ ಅದು ಹಗುರ, ಮೇಲಾಗಿ ಅದರಲ್ಲಿ ವೈನ್ ಬಾಟಲಿಯ ಬಿರಡೆ ತೆಗೆಯುವ ತಿರುಪು ಬೇರೆ. ಸೇನೆ ಅದನ್ನು ಅಧಿಕೃತವಾಗಿ ಕೊಳ್ಳಲಿಲ್ಲ. ಅಧಿಕಾರಿಗಳು ಸ್ವಂತ ದುಡ್ಡು ಕೊಟ್ಟು ಕೊಂಡರು.

ಇಂದಿನ ವಿಕ್ಟೋರಿನಾಕ್ಸ್ ಚಾಕುವಿನ ಒಂದೊಂದು ಭಾಗಕ್ಕೂ ಗಡಸುತನ ಬೇರೆಬೇರೆ. ರಾಕ್‌ವೆಲ್ ಅಳತೆಯಲ್ಲಿ ಅಲಗು 56, ಡಬ್ಬಿ ತೆರೆಯುವ ಕೊಕ್ಕೆ 52, ಸ್ಪ್ರಿಂಗ್ 49. ಅಲಗಿಗೆ ಹರಿತ ಉಳಿಯಬೇಕು, ಅದಕ್ಕೆ ಗಡಸು ಬೇಕು. ಸ್ಪ್ರಿಂಗ್ ಸಾವಿರಾರು ಸಲ ಬಾಗಿ ಹಿಂದಕ್ಕೆ ಬರಬೇಕು. ಅದೂ ಅಷ್ಟೇ ಗಡಸಾದರೆ ಒಂದು ದಿನ ಪಟಕ್ಕನೆ ಮುರಿಯುತ್ತದೆ. ಈ ಹದವನ್ನು ಯಾವ ತಕ್ಕಡಿಯೂ ತೋರಿಸುವುದಿಲ್ಲ.

ಹಾಗಾದರೆ 1961ರ ಹೊತ್ತಿಗೆ ಕಳೆದ 72 ಗ್ರಾಂ ಎಲ್ಲಿಂದ ಹೋಯಿತು? ಸ್ವಲ್ಪ ಉದ್ದದಿಂದ: ನೂರು ಮಿಲಿಮೀಟರ್ ಇದ್ದದ್ದು 1951ರಲ್ಲಿ 93 ಆಯಿತು. ಇನ್ನಷ್ಟು ದಪ್ಪದಿಂದ: ಕೊನೆಗೆ ಉಳಿದದ್ದು 12 ಮಿಲಿಮೀಟರ್. ಹಿಡಿಯ ತುದಿಗಳಲ್ಲಿದ್ದ ನಿಕಲ್ ಬೆಳ್ಳಿಯ ಟೋಪಿಗಳು ಹೋದವು, ಫೈಬರ್ ಹೋಯಿತು. ಆ ಜಾಗಕ್ಕೆ ಮೇಲ್ಮೈ ಗಡಸುಗೊಳಿಸಿ, ಕೈ ಜಾರದಂತೆ ಚೌಕುಳಿ ಒತ್ತಿದ ಅಲ್ಯುಮಿನಿಯಂ ತಟ್ಟೆಗಳು ಬಂದವು. ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಮೂರು ಪಟ್ಟು ಹಗುರ. ಆ ತಟ್ಟೆಗಳನ್ನು ಅಂಟಿಸಲಿಲ್ಲ. ಒಳಗಿನ ಕೀಲುಕಂಬಿಗಳೇ ಅವುಗಳ ಮೂಲಕ ಹಾದು ಹೊರಗೆ ಬಡಿಸಿಕೊಂಡವು. ಪೇಟೆಯಲ್ಲಿ ಎಲ್ಲರೂ ಕಂಡಿರುವ ಕೆಂಪು ಪ್ಲಾಸ್ಟಿಕ್ ಹೊದಿಕೆಯ ಚಾಕುವನ್ನು ಕಲ್ಲಿನ ಮೇಲೆ ಬೀಳಿಸಿದರೆ ಹೊದಿಕೆ ಕಳಚಬಹುದು, ಸೀಳಬಹುದು. ಹಗುರಾದ ಅಲ್ಯುಮಿನಿಯಂ ಹಿಡಿಗೆ ಒಂದು ತಗ್ಗು ಬಿದ್ದೀತು, ಮತ್ತೇನೂ ಆಗದು. ಈ 72 ಗ್ರಾಂ ಚಾಕು 2008ರವರೆಗೆ ಸೇನೆಯಲ್ಲಿ ದುಡಿಯಿತು. ಹಿಂದಿನ ಯಾವ ಮಾದರಿಯೂ ಅಷ್ಟು ಕಾಲ ಬಾಳಿರಲಿಲ್ಲ.

ಇದಕ್ಕಿಂತಲೂ ಹಗುರಾದದ್ದು ಆಲ್ಪ್ಸ್ ಪರ್ವತದ ಇನ್ನೊಂದು ಮಗ್ಗುಲಲ್ಲಿ ಹುಟ್ಟಿತು, ಅದೂ 1890ರಲ್ಲೇ. ಫ್ರಾನ್ಸಿನ ಸವೊಯ್ ಪ್ರದೇಶದಲ್ಲಿ ಕೊಡಲಿ, ಕುಡುಗೋಲು ಮಾಡುವ ಮನೆತನದ ಹುಡುಗ ಜೋಸೆಫ್ ಒಪಿನೆಲ್, ಇನ್ನೂ ಹದಿನೆಂಟರ ಪ್ರಾಯ, ಒಂದು ರೈತಚಾಕು ಮಾಡಿದ. ಒಂದೇ ಮರದ ತುಂಡಿಗೆ ಸೀಳು ಕೊಯ್ದು ಅದರಲ್ಲಿ ಅಲಗು ಕೂರಿಸಿ, ಕೀಲು ಬಡಿದು, ಮೇಲೊಂದು ಲೋಹದ ಪಟ್ಟಿ ತೊಡಿಸಿದರೆ ಮುಗಿಯಿತು. ಸ್ಪ್ರಿಂಗೂ ಇಲ್ಲ, ಒಳಗೆ ಲೋಹದ ತಟ್ಟೆಗಳೂ ಇಲ್ಲ. ಎಂಟನೇ ನಂಬರಿನ ಒಪಿನೆಲ್ ಅಲಗು ಎಂಟೂವರೆ ಸೆಂಟಿಮೀಟರ್ ಉದ್ದ. ಇಡೀ ಚಾಕುವಿನ ತೂಕ ಐವತ್ತು ಗ್ರಾಂ ಆಸುಪಾಸು.

ಅದರ ದೌರ್ಬಲ್ಯಗಳೂ ಎದ್ದು ಕಾಣುತ್ತವೆ. ಮಳೆಯಲ್ಲಿ ನೆನೆದರೆ ಬೀಚ್ ಮರ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ, ಉಗುರಿನಿಂದ ಎಳೆದರೆ ಬರುವುದೇ ಇಲ್ಲ. ಹಿಡಿಯ ಹಿಂಬದಿಯನ್ನು ಮೇಜಿಗೆ ಟಕ್ಕೆಂದು ಬಡಿದು ಅಲಗು ಹೊರಚಿಮ್ಮಿಸುವ ಉಪಾಯಕ್ಕೆ ಸವೊಯ್ ಜನರ ಹೆಸರೇ ಅಂಟಿಕೊಂಡಿದೆ. ಕಾರ್ಬನ್ ಉಕ್ಕಿನ ಅಲಗನ್ನು ಒರೆಸದೆ ಮಡಚಿಟ್ಟರೆ ತುಕ್ಕು ಖಂಡಿತ. ಕೊಯ್ಯುವಾಗ ಬೆರಳಿನ ಮೇಲೆ ಮಡಚಿಕೊಳ್ಳುವ ಭಯವೂ ಇತ್ತು. ಅದನ್ನು 1955ರಲ್ಲಿ ಮಾರ್ಸೆಲ್ ಒಪಿನೆಲ್ ತಿರುಗುವ ಒಂದು ಉಕ್ಕಿನ ಉಂಗುರದಿಂದ ನಿವಾರಿಸಿದ. ಉಂಗುರ ಸೇರಿಸಿದ್ದರಿಂದ ತೂಕ ಹೆಚ್ಚಿದ್ದು ನೆಪಮಾತ್ರಕ್ಕೆ; ಭದ್ರತೆ ಹೆಚ್ಚಿದ್ದು ಲೆಕ್ಕವಿಲ್ಲದಷ್ಟು.

ಅಮೆರಿಕನ್ನರ ರುಚಿ ಬೇರೆ. 1964ರಲ್ಲಿ ಬಕ್ ಕಂಪನಿ ತಂದ 110 ನಂಬರಿನ ಬೇಟೆಚಾಕುವಿಗೆ ಹಿತ್ತಾಳೆ ಟೋಪಿಗಳು, ಬೆನ್ನಿನಲ್ಲಿ ಲಾಕ್, ತೂಕ ಇನ್ನೂರು ಗ್ರಾಂ ಆಸುಪಾಸು. ಪ್ಯಾಂಟಿನ ಜೇಬಿಗೆ ಅದು ಒಗ್ಗದು, ಸೊಂಟದ ಚೀಲ ಬೇಕೇ ಬೇಕು. ಅದರ ಕೀರ್ತಿ ಬಂದದ್ದು ಲಾಕಿನ ಗಟ್ಟಿತನದಿಂದ. ಹಿತ್ತಾಳೆಯ ಭಾರವನ್ನೇ ಗಟ್ಟಿತನ ಎಂದುಕೊಂಡ ಅನುಕರಣೆಗಳು ಆಮೇಲೆ ಎಷ್ಟೋ ಬಂದವು. ಕೈಗೆ ಭಾರವಾಗಿ ಕೂರುವ, ಕೀಲಿನಲ್ಲಿ ಲೊಡಲೊಡ ಎನ್ನುವ ಅಂಥ ಚಾಕುಗಳು ಇಂದಿಗೂ ಜಾತ್ರೆಯ ಅಂಗಡಿಗಳಲ್ಲಿ ಸಿಗುತ್ತವೆ.

ಬಲ್ಲವರು ಪರೀಕ್ಷಿಸುವ ರೀತಿಯೇ ಬೇರೆ. ಅಲಗನ್ನು ಪೂರ್ತಿ ತೆರೆದು, ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಮೆಲ್ಲಗೆ ಒತ್ತುತ್ತಾರೆ: ಕೀಲಿನಲ್ಲಿ ಅಲುಗಾಟ ಇರಕೂಡದು. ಆಮೇಲೆ ಮೇಲೆ ಕೆಳಗೆ. ಮಡಚಿದಾಗ ಅಲಗು ಸೀಳಿನ ನಡುವೆಯೇ ಕೂರುತ್ತದೆಯೇ, ಒಂದು ಬದಿಗೆ ವಾಲಿ ಉಜ್ಜುತ್ತದೆಯೇ ಎಂದು ಗಮನಿಸುತ್ತಾರೆ. ಬೆಳಕಿಗೆ ಹಿಡಿದು ಸ್ಪ್ರಿಂಗ್ ಮತ್ತು ತಟ್ಟೆಗಳ ನಡುವೆ ಸಂದು ಕಾಣುತ್ತದೆಯೇ ಎಂದು ನೋಡುತ್ತಾರೆ. ತೆರೆಯುವಾಗ, ಮುಚ್ಚುವಾಗ ಬರುವ ಸದ್ದಿಗೂ ಕಿವಿ ಕೊಡುತ್ತಾರೆ. ಸ್ಪ್ರಿಂಗ್ ಸೋತಿದ್ದರೆ ಆ ‘ಟಕ್’ ಮೊಂಡಾಗಿರುತ್ತದೆ. ಲಾಕ್ ಪರೀಕ್ಷಿಸಲು ಅಲಗಿನ ಬೆನ್ನನ್ನು ಮೇಜಿಗೆ ಜೋರಾಗಿ ಬಡಿಯುವವರೂ ಇದ್ದಾರೆ. ಅದರಿಂದ ಒಳ್ಳೆಯ ಲಾಕನ್ನೂ ಕೆಡಿಸಬಹುದಷ್ಟೇ.

ಇಷ್ಟೆಲ್ಲ ಪರೀಕ್ಷೆಯಲ್ಲಿ ಗೆದ್ದ ಚಾಕುವೂ ಮೀಟುಗೋಲಾದರೆ ಉಳಿಯುವ ಭರವಸೆಯಿಲ್ಲ. ಅಲಗಿನಿಂದ ಡಬ್ಬಿಯ ಮುಚ್ಚಳ ಮೀಟುವುದು, ಕಿಟಕಿ ಎಬ್ಬಿಸುವುದು ಇಂಥ ಅಡ್ಡಬಲವನ್ನು ತಡೆಯಲೆಂದು ಯಾವ ಮಡಚುಚಾಕುವನ್ನೂ ಮಾಡಿರುವುದಿಲ್ಲ, ಅದು ಇನ್ನೂರು ಗ್ರಾಂ ಇದ್ದರೂ ಅಷ್ಟೇ. ಅಪವಾದಗಳೂ ಇವೆಯೆನ್ನಿ. 1995ರ ನವೆಂಬರಿನಲ್ಲಿ ಅಟ್ಲಾಂಟಿಸ್ ನೌಕೆ ರಷ್ಯದ ಮಿರ್ ಅಂತರಿಕ್ಷ ನಿಲ್ದಾಣಕ್ಕೆ ಜೋಡಿಕೊಂಡಾಗ, ಬಿಗಿದು ಕಟ್ಟಿದ್ದ ಬಾಗಿಲನ್ನು ಕೆನಡಾದ ಗಗನಯಾತ್ರಿ ಕ್ರಿಸ್ ಹ್ಯಾಡ್‌ಫೀಲ್ಡ್ ಬಿಡಿಸಿದ್ದು ಸ್ವಿಸ್ ಚಾಕುವಿನಿಂದಲೇ.

2007ರಲ್ಲಿ ಸ್ವಿಸ್ ಸೇನೆ ಹೊಸ ಚಾಕು ಬೇಕೆಂದಿತು. ಮರುವರ್ಷದ ಮಾದರಿ ತೂಗಿದ್ದು 131 ಗ್ರಾಂ. ನೂರು ವರ್ಷ ಹಿಂದಿನ 1908ರ ಚಾಕುವಿಗಿಂತಲೂ ಆರು ಗ್ರಾಂ ಹೆಚ್ಚು. ಹಳೆಯದು ಬಾಳಿಕೆ ಬರಲಿಲ್ಲವೆಂದು ಹೀಗಾಗಲಿಲ್ಲ. ಒಂದೇ ಕೈಯಲ್ಲಿ ತೆರೆಯುವಂತೆ ತೂತಿರುವ ದೊಡ್ಡ ಅಲಗು, ಅದಕ್ಕೊಂದು ಲಾಕ್, ಅಂಚಿಗೆ ಹಲ್ಲು, ಮರ ಕೊಯ್ಯುವ ಗರಗಸ, ಕೂಡು ಗುರುತಿನ ಮೊನೆಯ ಸ್ಕ್ರೂಡ್ರೈವರ್ ಇವೆಲ್ಲ ಸೇರಿ ಹಿಡಿ 111 ಮಿಲಿಮೀಟರ್‌ಗೆ ಬೆಳೆಯಿತು. ಕೆಲಸದ ಪಟ್ಟಿ ಉದ್ದವಾಯಿತು, ತೂಕವೂ ಜೊತೆಗೆ ಏರಿತು.

1961ರ ಮಾದರಿಯನ್ನು ಸೇನೆ ಬಿಟ್ಟರೂ ಸಂಗ್ರಹಕಾರರು ಬಿಟ್ಟಿಲ್ಲ. ಸೇನೆಗೆಂದು ತಯಾರಾದ ಪ್ರತಿ ಚಾಕುವಿನ ಮೇಲೂ ತಯಾರಿಕೆಯ ಇಸವಿಯ ಮುದ್ರೆ ಇರುವುದರಿಂದ ವಯಸ್ಸು ಮುಚ್ಚಿಡಲು ಬರುವುದಿಲ್ಲ. ಅದಕ್ಕೆ ಹತ್ತಿರದ ನೆಂಟನಾದ, ಕೀಲಿಕೈ ಉಂಗುರ ಇರುವ ‘ಪಯನಿಯರ್’ ಈಗಲೂ ಹೊಸದಾಗಿ ಮಾರಾಟವಾಗುತ್ತಿದೆ. ಅದರದೂ ಅದೇ 93 ಮಿಲಿಮೀಟರ್ ಉದ್ದದ ಅಲ್ಯುಮಿನಿಯಂ ಹಿಡಿ.