ಸೆರೆಮನೆಯಿಂದ ಕಾಲೇಜಿಗೆ

ಅಮೆರಿಕದ ಜಾನ್ ಇರ್ವಿನ್ 1950ರ ದಶಕದಲ್ಲಿ ಸಶಸ್ತ್ರ ದರೋಡೆಯ ಅಪರಾಧಕ್ಕಾಗಿ ಕ್ಯಾಲಿಫೋರ್ನಿಯಾದ ಸೊಲೆಡಾಡ್ ಸೆರೆಮನೆಯಲ್ಲಿ ಐದು ವರ್ಷ ಕಳೆದರು. ಅಲ್ಲಿಯೇ ಓದಿನ ಗೀಳು ಹತ್ತಿತು. ಬಿಡುಗಡೆಯ ನಂತರ ಪದವಿ ಗಳಿಸಿ ಸಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಅಧ್ಯಾಪಕರಾದರು. 1967ರಲ್ಲಿ ಅವರು ಅಲ್ಲಿ ‘ಪ್ರಾಜೆಕ್ಟ್ ರೀಬೌಂಡ್’ ಎಂಬ ಯೋಜನೆಯನ್ನು ಆರಂಭಿಸಿದರು. ಸೆರೆಯಿಂದ ಬಂದವರಿಗೆ ಕಾಲೇಜಿನ ಪ್ರವೇಶ ದೊರಕಿಸುವುದು, ಓದು ಮುಗಿಯುವ ತನಕ ಬೆನ್ನಿಗೆ ನಿಲ್ಲುವುದು ಅದರ ಕೆಲಸ. 2016ರಲ್ಲಿ ಅದು ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಇತರ ಕ್ಯಾಂಪಸ್ಸುಗಳಿಗೂ ಹಬ್ಬಿತು.

ಸೆರೆಯೊಳಗಿನ ಓದಿನ ಕಥೆ ಇಷ್ಟು ನೇರವಾಗಿಲ್ಲ. ಬಡ ವಿದ್ಯಾರ್ಥಿಗಳಿಗಾಗಿ 1972ರಲ್ಲಿ ಬಂದ, ಮುಂದೆ ‘ಪೆಲ್’ ಎಂದು ಹೆಸರಾದ ಸರಕಾರಿ ಅನುದಾನ ಕೈದಿಗಳಿಗೂ ಸಿಗುತ್ತಿತ್ತು. 1994ರ ಅಪರಾಧ ನಿಯಂತ್ರಣ ಕಾಯಿದೆ ಅದನ್ನು ನಿಲ್ಲಿಸಿತು. ‘ನಮ್ಮ ಮಕ್ಕಳು ಸಾಲ ಮಾಡಿ ಓದುವಾಗ ಅಪರಾಧಿಗಳಿಗೇಕೆ ಬಿಟ್ಟಿ ಕಾಲೇಜು?’ ಎಂಬುದು ಅಂದಿನ ವಾದ.

ಬ್ಯಾಂಕಿನಲ್ಲಿ ವಿದ್ಯಾಸಾಲದ ಅರ್ಜಿಗಳನ್ನು ನೋಡುವ ನನಗೆ ಈ ಸಂಕಟ ಅರ್ಥವಾಗದ್ದಲ್ಲ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. 1993-94ರಲ್ಲಿ ಈ ಅನುದಾನ ಪಡೆದ ಸುಮಾರು 40 ಲಕ್ಷ ವಿದ್ಯಾರ್ಥಿಗಳಲ್ಲಿ ಕೈದಿಗಳು ಸುಮಾರು 23,000. ಸುಮಾರು 530 ಕೋಟಿ ಡಾಲರಿನಲ್ಲಿ ಅವರ ಪಾಲು 3.5 ಕೋಟಿ. ನೂರಕ್ಕೆ ಒಂದು ಡಾಲರೂ ಅಲ್ಲ. ಕೈದಿಗಳಿಗೆ ಕೊಡದಿದ್ದರೂ ಹೊರಗಿನ ಯಾವ ವಿದ್ಯಾರ್ಥಿಗೂ ಹೆಚ್ಚಿಗೆ ಸಿಗುತ್ತಿರಲಿಲ್ಲ ಎಂದು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿಯೇ ವರದಿ ಮಾಡಿತ್ತು. ಒಬ್ಬರ ಖಾತೆಯಿಂದ ಕಳೆದದ್ದು ಇನ್ನೊಬ್ಬರ ಖಾತೆಗೆ ಜಮೆಯಾಗಲೇ ಇಲ್ಲ.

ಅದೇ 1994ರಲ್ಲಿ ನಮ್ಮ ದೆಹಲಿಯ ತಿಹಾರ್ ಜೈಲಿನೊಳಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಅಧ್ಯಯನ ಕೇಂದ್ರ ತೆರೆಯಿತು. ಶ್ರೀಮಂತ ದೇಶ ಮುಚ್ಚಿದ ಬಾಗಿಲನ್ನು ಬಡ ದೇಶ ತೆರೆದದ್ದು ನೆನಪಿಡಬೇಕಾದ ಸಂಗತಿ.

ಅಮೆರಿಕದ ಹೆಚ್ಚಿನ ಸೆರೆಮನೆಗಳಲ್ಲಿ ಕಾಲೇಜು ತರಗತಿಗಳು ನಿಂತುಹೋದವು. ಆದರೆ ಸಾನ್ ಕ್ವೆಂಟಿನ್ ಸೆರೆಮನೆಯಲ್ಲಿ 1996ರಿಂದ ಸ್ವಯಂಸೇವಕ ಅಧ್ಯಾಪಕರು ಸಂಬಳವಿಲ್ಲದೆ ಪಾಠ ಹೇಳಿದರು. ಅಲ್ಲಿ ಬೆಳೆದ ಮೌಂಟ್ ಟ್ಯಾಮಲ್ಪೈಸ್ ಕಾಲೇಜು 2022ರಲ್ಲಿ ಸ್ವತಂತ್ರ ಮಾನ್ಯತೆ ಪಡೆಯಿತು. ಶಿಕ್ಷಣ ಪಡೆದ ಕೈದಿಗಳು ಮರಳಿ ತಪ್ಪುದಾರಿ ಹಿಡಿಯುವ ಸಂಭವ ಶೇ. 43ರಷ್ಟು ಕಡಿಮೆ, ಅದಕ್ಕೆ ಹಾಕಿದ ಪ್ರತಿ ಡಾಲರಿಗೆ ಮೂರು ವರ್ಷಗಳಲ್ಲಿ ಸೆರೆಮನೆಯ ಖರ್ಚು ನಾಲ್ಕೈದು ಡಾಲರಿನಷ್ಟು ಉಳಿಯುತ್ತದೆ ಎಂದು 2013ರ ರ‍್ಯಾಂಡ್ ಸಂಸ್ಥೆಯ ಅಧ್ಯಯನ ತೋರಿಸಿತು. ಕೊನೆಗೆ 2023ರ ಜುಲೈ 1ರಿಂದ ಪೆಲ್ ಅನುದಾನ ಕೈದಿಗಳಿಗೆ ಮತ್ತೆ ದೊರೆಯತೊಡಗಿತು. ನಡುವೆ ಕಳೆದದ್ದು ಇಪ್ಪತ್ತೊಂಬತ್ತು ವರ್ಷ, ಒಂದು ತಲೆಮಾರು.

ಹಣ ಮರಳಿತು, ಸರಿ. ಆದರೆ ಇರ್ವಿನ್ ಕಂಡುಕೊಂಡ ಸತ್ಯ ಹಣಕ್ಕಿಂತ ಮುಂದಿನದು. ಅರ್ಜಿ ಹಿಡಿದು ಬಂದವನಿಗೆ ಕೌಂಟರಿನ ಆಚೆ ಅವನ ಕಷ್ಟ ಬಲ್ಲ ಒಬ್ಬನಾದರೂ ಇರಬೇಕು. ಕಚೇರಿ ಕಚೇರಿಗಳಲ್ಲಿ ಕನ್ನಡ ಬಲ್ಲವರನ್ನು ಹುಡುಕಿ ಅಲೆದ ಗಡಿನಾಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಳೆ ನಮ್ಮೂರಿನ ಹುಡುಗನೊಬ್ಬ ಜೈಲಿನಿಂದ ಹಿಂದಿರುಗಿ ಕಾಲೇಜಿನ ಮೆಟ್ಟಿಲು ಹತ್ತಿದರೆ, ಅವನನ್ನು ಬರಮಾಡಿಕೊಳ್ಳಲು ಆಚೆ ಕಡೆ ಯಾರಿರುತ್ತಾರೆ?